ಹೊರರಾಜ್ಯದ ಫೀಸು, ಅಂಕದ ರಿಯಾಯಿತಿ

ಮಿಶಿಗನ್ ವಿಶ್ವವಿದ್ಯಾಲಯದ ಆನ್ ಆರ್ಬರ್ ಕ್ಯಾಂಪಸ್ಸಿಗೆ 2024-25ರಲ್ಲಿ ಸೇರಿದ ಮಿಶಿಗನ್ನಿನದೇ ಹುಡುಗಿಗೆ ಮೊದಲ ವರ್ಷದ ಬೋಧನಾ ಶುಲ್ಕ ಸುಮಾರು 18 ಸಾವಿರ ಡಾಲರ್. ಪಕ್ಕದಲ್ಲೇ ಕೂತು ಅದೇ ಪಾಠ ಕೇಳುವ ಇಲಿನಾಯ್ ಹುಡುಗನಿಗೆ ಸುಮಾರು 60 ಸಾವಿರ. ಮೇಷ್ಟ್ರು ಅವರೇ, ಲ್ಯಾಬೂ ಅದೇ, ಕೊನೆಗೆ ಕೈಗೆ ಬರುವ ಪದವಿಯೂ ಅದೇ. ಬೇರೆಯಾದದ್ದು ಅಪ್ಪ ಅಮ್ಮ ತೆರಿಗೆ ಕಟ್ಟುವ ರಾಜ್ಯ, ಅಷ್ಟೇ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಹನ್ನೊಂದನೇ ತರಗತಿಗೆ ಬರುವ ಹೊತ್ತಿಗೆ ಈ ಲೆಕ್ಕ ನಿದ್ದೆ ಕೆಡಿಸಲು ಶುರುಮಾಡುತ್ತದೆ. ಪಿಯುಸಿ ಮುಗಿಸಿ ಬೆಂಗಳೂರಿನಿಂದ ನೇರವಾಗಿ ಅಲ್ಲಿಗೆ ಪದವಿ ಓದಲು ಹೊರಟವರಿಗೂ ಅನ್ವಯಿಸುವುದು ಹೊರರಾಜ್ಯದ ದರವೇ. ಸರ್ಕಾರಿ ವಿಶ್ವವಿದ್ಯಾಲಯ ಎಂದ ಮಾತ್ರಕ್ಕೆ ಅಗ್ಗ ಎಂದುಕೊಂಡು ಹೊರಟವರು ಮೊದಲು ಎಡವುವುದು ಇಲ್ಲೇ.

ಈ ಎರಡು ದರದ ಪದ್ಧತಿಗೆ ಅದರದೇ ತರ್ಕವಿದೆ. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆಯಂತೆ ಪ್ರತಿ ರಾಜ್ಯಕ್ಕೂ ಅಮೆರಿಕದ ಸಂಸತ್ತಿನಲ್ಲಿ ಅದರ ಪ್ರತಿನಿಧಿಗಳು ಎಷ್ಟು ಮಂದಿಯೋ ಅಷ್ಟು ಪಾಲು, ತಲೆಗೆ 30 ಸಾವಿರ ಎಕರೆಯಂತೆ ಕೇಂದ್ರದ ಜಮೀನು ಸಿಕ್ಕಿತು. ಅದನ್ನು ಮಾರಿ ಬಂದ ಹಣದಿಂದ ವ್ಯವಸಾಯ, ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳು ಎದ್ದವು. ಆಮೇಲೆ ಅವುಗಳನ್ನು ಸಾಕಿದ್ದು ಆಯಾ ರಾಜ್ಯದ ಖಜಾನೆ. ನಮ್ಮ ತೆರಿಗೆಯಲ್ಲಿ ನಡೆಯುವ ಕಾಲೇಜಿನಲ್ಲಿ ನಮ್ಮ ಮಕ್ಕಳಿಗೆ ಕಡಿಮೆ ಫೀಸು ಎಂಬ ವಾದ ಅಲ್ಲಿಂದ ಬಂತು. ಕರ್ನಾಟಕದಲ್ಲಿ ಸಿಇಟಿ ಸೀಟಿಗೆ ಏಳು ವರ್ಷ ಇಲ್ಲೇ ಓದಿದ ಪ್ರಮಾಣಪತ್ರ ಕೇಳುವುದರ ಹಿಂದೆ ಇರುವುದೂ ಇಂಥದೇ ವಾದ. ಅಮೆರಿಕದ ನ್ಯಾಯಾಲಯಗಳೂ ಇದನ್ನು ಒಪ್ಪಿವೆ. ಆದರೆ 1973ರ ವ್ಲಾಂಡಿಸ್ ವಿರುದ್ಧ ಕ್ಲೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಸೇರುವಾಗ ಹೊರಗಿನವನಾಗಿದ್ದವನು ಓದು ಮುಗಿಯುವ ತನಕವೂ ಹೊರಗಿನವನೇ ಎಂದು ಕನೆಕ್ಟಿಕಟ್ ರಾಜ್ಯ ಷರಾ ಬರೆದುಬಿಟ್ಟಿತ್ತು. ತಾನು ಇಲ್ಲಿಯವನಾಗಿದ್ದೇನೆ ಎಂದು ರುಜುವಾತು ಮಾಡುವ ಅವಕಾಶವನ್ನಾದರೂ ಕೊಡಬೇಕು ಎಂದಿತು ಕೋರ್ಟು. ಹಾಗೆಂದು ಆ ರುಜುವಾತು ಸುಲಭವಲ್ಲ. ಓದಲಿಕ್ಕೆಂದೇ ಬಂದವನು ಒಂದು ವರ್ಷ ಬಾಡಿಗೆ ಕಟ್ಟಿದ ರಸೀದಿ ತೋರಿಸಿದರೆ ಹೆಚ್ಚಿನ ರಾಜ್ಯಗಳು ಒಪ್ಪುವುದಿಲ್ಲ. ತಂದೆತಾಯಿಯ ಮೇಲೆ ಅವಲಂಬಿತನಾದ ಮಗನ ನೆಲೆ ತಂದೆತಾಯಿಯ ನೆಲೆಯೇ.

2008ರ ಆರ್ಥಿಕ ಕುಸಿತದ ನಂತರ ಹಲವು ರಾಜ್ಯಗಳು ವಿಶ್ವವಿದ್ಯಾಲಯಗಳ ಅನುದಾನಕ್ಕೆ ಕತ್ತರಿ ಹಾಕಿದವು. ಆಗ ಹೊರರಾಜ್ಯದ ವಿದ್ಯಾರ್ಥಿ ಆದಾಯದ ಮೂಲವಾದ. ಮೆರಿಟ್ ಏಡ್ ಎಂಬ ಅಂಕಾಧಾರಿತ ನೆರವನ್ನು ಅರ್ಥಮಾಡಿಕೊಳ್ಳಬೇಕಾದದ್ದು ಈ ಹಿನ್ನೆಲೆಯಲ್ಲೇ. ಬಹುಪಾಲು ಕಡೆ ಅದು ಪ್ರತಿಭೆಗೆ ಹೊದಿಸುವ ಶಾಲು ಅಲ್ಲ, ದರದಲ್ಲಿ ಕೊಡುವ ರಿಯಾಯಿತಿ. 35 ಸಾವಿರದ ಫೀಸಿನಲ್ಲಿ 15 ಸಾವಿರ ಬಿಟ್ಟುಕೊಟ್ಟರೂ ಹುಡುಗ 20 ಸಾವಿರ ತರುತ್ತಾನೆ. ಜೊತೆಗೆ ಅವನ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಕಾಲೇಜಿನ ಸರಾಸರಿಯನ್ನೂ ಮೇಲೆತ್ತುತ್ತದೆ. ಇದು ಕಾಲೇಜಿನ ವ್ಯವಹಾರ ಎಂದು ತಿಳಿದವರು ತಮ್ಮ ವ್ಯವಹಾರವನ್ನೂ ತಣ್ಣಗೆ ಮಾಡಬಲ್ಲರು. ಹೆಮ್ಮೆಯ ವಿಷಯ ಎಂದುಕೊಂಡವರು ಪತ್ರ ಬಂದ ದಿನವೇ ಲಡ್ಡು ಹಂಚಿ, ಬಾಕಿ ಎಷ್ಟು ಕಟ್ಟಬೇಕೆಂದು ಆಮೇಲೆ ನೋಡುತ್ತಾರೆ.

ಈ ವ್ಯವಹಾರವನ್ನು ಎಲ್ಲರಿಗಿಂತ ಬಿಚ್ಚುಮನಸ್ಸಿನಿಂದ ನಡೆಸಿದ್ದು ಅಲಬಾಮಾ ವಿಶ್ವವಿದ್ಯಾಲಯ. 2003ರಲ್ಲಿ ರಾಬರ್ಟ್ ವಿಟ್ ಅಧ್ಯಕ್ಷರಾಗಿ ಬಂದಾಗ ಟಸ್ಕಲೂಸಾದ ಆ ಕ್ಯಾಂಪಸ್ಸಿನಲ್ಲಿ ಸುಮಾರು 20 ಸಾವಿರ ವಿದ್ಯಾರ್ಥಿಗಳಿದ್ದರು. ಆ ಪುಟ್ಟ ರಾಜ್ಯದಲ್ಲಿ ಸಿಗುವ ಹುಡುಗರನ್ನಷ್ಟೇ ನಂಬಿ ಬೆಳೆಯಲಾಗದು ಎಂದು ಅವರು ದೇಶದ ತುಂಬ ಪ್ರತಿನಿಧಿಗಳನ್ನು ಕಳಿಸಿದರು. ಇಷ್ಟು ಜಿಪಿಎ, ಎಸಿಟಿ ಪರೀಕ್ಷೆಯಲ್ಲಿ ಇಷ್ಟು ಅಂಕ ಇದ್ದರೆ ಇಷ್ಟು ಡಾಲರ್ ಎಂಬ ಪಟ್ಟಿಯನ್ನು ವಿಶ್ವವಿದ್ಯಾಲಯ ಎಲ್ಲರಿಗೂ ಕಾಣುವಂತೆ ಇಟ್ಟಿತು. ಪ್ರಬಂಧ, ಸಂದರ್ಶನ ಏನೂ ಬೇಡ, ಅಂಕವಿದ್ದರೆ ಹಣ ತಾನಾಗಿ ಜಮೆ. ಹಿಂದೆ ಉನ್ನತ ಅಂಕದ ಹೊರರಾಜ್ಯದವರಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿಯಾಗುತ್ತಿತ್ತು. ಈಚೆಗೆ ಅದು ವರ್ಷಕ್ಕೆ ಇಂತಿಷ್ಟು ಎಂಬ ನಿಗದಿ ಮೊತ್ತಕ್ಕೆ ಇಳಿದಿದೆ, 28 ಸಾವಿರ ಡಾಲರಿನವರೆಗೂ ಕೊಟ್ಟದ್ದುಂಟು. ಫಲಿತಾಂಶ ಕಣ್ಣಮುಂದಿದೆ. 2015ರ ಹೊತ್ತಿಗೆ ವಿದ್ಯಾರ್ಥಿಗಳ ಸಂಖ್ಯೆ 37 ಸಾವಿರ ಮುಟ್ಟಿತು, ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯದವರು. ಫುಟ್‌ಬಾಲ್ ತಂಡದ ಗೆಲುವುಗಳು ಇದಕ್ಕೆ ಎಷ್ಟು ನೆರವಾದವೋ ಹೇಳುವುದು ಕಷ್ಟ, ಆದರೆ ಆಗಿಲ್ಲ ಎಂದು ಅಲ್ಲಿಯವರು ಯಾರೂ ವಾದಿಸುವುದಿಲ್ಲ.

ಇದಕ್ಕೆ ತದ್ವಿರುದ್ಧ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಬರ್ಕ್ಲಿ, ಯುಸಿಎಲ್‌ಎ ಬಾಗಿಲಲ್ಲಿ ಹೇಗಿದ್ದರೂ ಲಕ್ಷಗಟ್ಟಲೆ ಅರ್ಜಿ. ಅವರು ಯಾರನ್ನು ಕರೆಯಬೇಕು? ಮಾಮೂಲಿ ಶುಲ್ಕದ ಮೇಲೆ ಹೊರಗಿನವರು ಕಟ್ಟಬೇಕಾದ ಹೆಚ್ಚುವರಿ ಮೊತ್ತವೇ 2024-25ರಲ್ಲಿ 34,200 ಡಾಲರ್ ಇತ್ತು. ಮರುವರ್ಷ ಹೊಸದಾಗಿ ಸೇರಿದವರಿಗೆ 37,602 ಆಯಿತು. ಅದರ ಮೇಲೆ 2017ರಲ್ಲಿ ಅಲ್ಲಿನ ಆಡಳಿತ ಮಂಡಳಿ ಹೊರಗಿನವರ ಸಂಖ್ಯೆಗೂ ಮಿತಿ ಹಾಕಿತು, ಬಹುತೇಕ ಕ್ಯಾಂಪಸ್ಸುಗಳಲ್ಲಿ ಶೇ 18. ನಾರ್ತ್ ಕ್ಯಾರೊಲೈನಾ 1986ರಲ್ಲೇ ಇಂಥ ಮಿತಿ ತಂದಿತ್ತು. ಅಲ್ಲಿನ ಚಾಪೆಲ್ ಹಿಲ್‌ನಲ್ಲಿ ಮೋರ್‌ಹೆಡ್-ಕೇನ್ ಎಂಬ, ನಾಲ್ಕೂ ವರ್ಷದ ಖರ್ಚು ಹೊರುವ ಹೆಸರಾಂತ ವಿದ್ಯಾರ್ಥಿವೇತನವಿದೆ ನಿಜ. ಅದು ಬೆರಳೆಣಿಕೆಯ ಮಂದಿಗೆ. ಅಂಥದನ್ನು ನಂಬಿ ಮನೆಯ ಬಜೆಟ್ ಹಾಕುವುದು ಜಾಣತನವಲ್ಲ.

ಹೀಗಾಗಿ ಈ ಹುಡುಕಾಟದ ಮೊದಲ ಸೂತ್ರ ಮನಸ್ಸಿಗೆ ಕಹಿ. ಯಾವ ಹೆಸರು ಕೇಳಿದರೆ ನೆಂಟರು ಹುಬ್ಬೇರಿಸುತ್ತಾರೋ ಆ ವಿಶ್ವವಿದ್ಯಾಲಯ ರಿಯಾಯಿತಿ ಕೊಡುವುದು ಅಪರೂಪ. ನಿಮ್ಮ ಮಗಳ ಅಂಕ ಅಲ್ಲಿ ಎಲ್ಲರಂತೆ. ಆದರೆ ಪಟ್ಟಿಯಲ್ಲಿ ನಾಲ್ಕು ಮೆಟ್ಟಿಲು ಕೆಳಗಿರುವ, ಅಷ್ಟೇ ಗಟ್ಟಿ ಎಂಜಿನಿಯರಿಂಗ್ ವಿಭಾಗವಿರುವ ಇನ್ನೊಂದು ಕಡೆ ಅದೇ ಅಂಕಕ್ಕೆ ಬೆಲೆ ಕಟ್ಟುತ್ತಾರೆ.

ಅಂಕದ ಪಟ್ಟಿಯ ಹೊರಗೂ ಕೆಲವು ದಾರಿಗಳಿವೆ. ಪಶ್ಚಿಮದ ರಾಜ್ಯಗಳು ಸೇರಿ ನಡೆಸುವ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಎಂಬ ಒಪ್ಪಂದದಡಿ ಒಂದು ರಾಜ್ಯದ ಹುಡುಗ ಇನ್ನೊಂದರಲ್ಲಿ ಓದಿದರೆ ಅಲ್ಲಿನವರ ಫೀಸಿನ ಒಂದೂವರೆ ಪಟ್ಟು ಮೀರುವಂತಿಲ್ಲ. ಸಿಯಾಟಲ್, ಪೋರ್ಟ್‌ಲ್ಯಾಂಡ್, ಸ್ಯಾನ್ ಹೋಸೆಯ ಕನ್ನಡ ಕುಟುಂಬಗಳು ಮೊದಲು ನೋಡಬೇಕಾದದ್ದು ಇದನ್ನು. ಬರ್ಕ್ಲಿ, ಯುಸಿಎಲ್‌ಎಯಂಥವು ಇದರಲ್ಲಿ ಇಲ್ಲ, ಇರುವ ಕಡೆಯೂ ಬೇಡಿಕೆಯ ಕೋರ್ಸುಗಳನ್ನು ಹೊರಗಿಡುವುದುಂಟು. ಮಿನೆಸೋಟ ವಿಶ್ವವಿದ್ಯಾಲಯದ ಮಾರಿಸ್ ಕ್ಯಾಂಪಸ್ಸು ಅಮೆರಿಕದ ಯಾವ ರಾಜ್ಯದಿಂದ ಬಂದವರಿಗೂ ಒಂದೇ ದರ ಹಾಕುತ್ತದೆ. ಮೇಯ್ನ್ ವಿಶ್ವವಿದ್ಯಾಲಯ 2016ರಲ್ಲಿ ಇನ್ನೂ ಚುರುಕಾದ ಉಪಾಯ ಹೂಡಿತು. ಅರ್ಹ ಅಂಕವಿರುವ ಮ್ಯಾಸಚೂಸೆಟ್ಸ್ ಅಥವಾ ನ್ಯೂಜೆರ್ಸಿಯ ಹುಡುಗ ತನ್ನ ರಾಜ್ಯದ ಮುಖ್ಯ ವಿಶ್ವವಿದ್ಯಾಲಯದಲ್ಲಿ ಎಷ್ಟು ಕಟ್ಟುತ್ತಿದ್ದನೋ ಅಷ್ಟೇ ಇಲ್ಲೂ ಕಟ್ಟಲಿ ಎಂದಿತು. ಚಳಿ ತಡೆಯುವವರಿಗೆ ಒಳ್ಳೆಯ ವ್ಯವಹಾರ.

ಟೆಕ್ಸಾಸಿನದು ಎಲ್ಲಕ್ಕಿಂತ ಸ್ವಾರಸ್ಯದ ನಿಯಮ. ಅಲ್ಲಿನ ಶಿಕ್ಷಣ ಸಂಹಿತೆಯ ಪ್ರಕಾರ, ಆ ರಾಜ್ಯದ ವಿದ್ಯಾರ್ಥಿಗಳ ಜೊತೆ ಸ್ಪರ್ಧಿಸಿ ವಿಶ್ವವಿದ್ಯಾಲಯದಿಂದ ವರ್ಷಕ್ಕೆ ಕನಿಷ್ಠ 1,000 ಡಾಲರಿನ ವಿದ್ಯಾರ್ಥಿವೇತನ ಗೆದ್ದವನಿಗೆ ರಾಜ್ಯದವರ ದರವನ್ನೇ ಅನ್ವಯಿಸಬಹುದು. ವೇತನ ಸಾವಿರವಾದರೂ ಫೀಸಿನಲ್ಲಿ ಉಳಿಯುವುದು ಎಷ್ಟೋ ಸಾವಿರ. ವಿದೇಶಿ ವಿದ್ಯಾರ್ಥಿಗಳಿಗೂ ಇದು ಸಲ್ಲುತ್ತದೆ. ಎಂಎಸ್ ಓದಲು ಟೆಕ್ಸಾಸಿಗೆ ಹೋದ ನಮ್ಮ ಹುಡುಗರ ನಡುವೆ ಆ ಸಾವಿರ ಡಾಲರಿನ ಮಾತು ಓಡಾಡುವುದು ಇದೇ ಕಾರಣಕ್ಕೆ. ಆದರೆ ಇಂಥ ವಿನಾಯಿತಿ ಒಟ್ಟು ದಾಖಲಾತಿಯ ಶೇ 5 ದಾಟುವಂತಿಲ್ಲ. ಆದ್ದರಿಂದ ಸಾವಿರ ಸಿಕ್ಕವರೆಲ್ಲರಿಗೂ ರಾಜ್ಯದ ದರ ಬಂದೇ ಬರುತ್ತದೆ ಎಂದು ನಂಬಬಾರದು.

ಪಿಎಸ್‌ಎಟಿ ಪರೀಕ್ಷೆಯ ಮೂಲಕ ಸಿಗುವ ನ್ಯಾಷನಲ್ ಮೆರಿಟ್ ಮನ್ನಣೆಗೆ ಅಲಬಾಮಾದಂಥ ಕೆಲವು ಕಡೆ ಭಾರಿ ಬೆಲೆಯಿದೆ. ಹಿಂದೆ ಅದಕ್ಕೆ ಅಮೆರಿಕದ ಪೌರತ್ವ ಬೇಕಿತ್ತು, ಇಲ್ಲವೇ ಗ್ರೀನ್ ಕಾರ್ಡ್ ಪಡೆದು ಪೌರರಾಗುವ ಉದ್ದೇಶವಿರಬೇಕಿತ್ತು; ಅಮೆರಿಕದಲ್ಲೇ ಹೈಸ್ಕೂಲು ಓದುವವರಿಗೆ ಈಗ ಆ ಷರತ್ತಿಲ್ಲ. ಎಚ್-1ಬಿ ವೀಸಾದ ಮನೆಗಳಿಗೆ ತೊಡಕು ಇರುವುದು ಬೇರೆ ಕಡೆ. ಮಗು ಅಲ್ಲೇ ಹುಟ್ಟಿದ್ದರೆ ಚಿಂತೆಯಿಲ್ಲ. ಎರಡನೇ ವಯಸ್ಸಿನಲ್ಲಿ ಮೈಸೂರಿನಿಂದ ಹೋಗಿ ಅವಲಂಬಿತರ ಎಚ್-4 ವೀಸಾದಲ್ಲಿ ಬೆಳೆದ ಮಗುವಿಗೆ ಕೇಂದ್ರ ಸರ್ಕಾರದ ನೆರವಿನ ಫ್ಯಾಫ್ಸಾ ಅರ್ಜಿ ಪ್ರಯೋಜನಕ್ಕೆ ಬಾರದು. ತಮ್ಮ ವಾಸದ ರಾಜ್ಯದಲ್ಲಿ ಕಡಿಮೆ ಫೀಸಿನ ಹಕ್ಕು ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಸೇರಿ ಹಲವೆಡೆ ಎಚ್-4 ಮಕ್ಕಳಿಗೂ ಉಂಟು. ಆದರೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದವೆಂದು ಗೊತ್ತೇ ಇದೆ, ಮಕ್ಕಳು ಅದರೊಳಗೆ ದೊಡ್ಡವರಾಗಿಬಿಡುತ್ತಾರೆ. ವಿದ್ಯಾರ್ಥಿ ವೀಸಾಕ್ಕೆ ಬದಲಾದ ಮೇಲೆ ಮೂರನೇ ವರ್ಷದ ಫೀಸು ಯಾವ ದರದಲ್ಲಿ ಬರುತ್ತದೆ ಎಂಬುದನ್ನು ಸೇರುವ ಮೊದಲೇ ಕೇಳಬೇಕು. ವಿಶ್ವವಿದ್ಯಾಲಯದ ಮೆರಿಟ್ ಹಣಕ್ಕೆ ಮಾತ್ರ ಅನೇಕ ಕಡೆ ವೀಸಾದ ಅಡ್ಡಿ ಇಲ್ಲ. ಈ ಮಕ್ಕಳಿಗೆ ಅದರ ಮಹತ್ವ ಹೆಚ್ಚು ಎನ್ನುವುದು ಅದಕ್ಕೇ.

ಇನ್ನು ಲೆಕ್ಕ. ಒಂದು ಉದಾಹರಣೆ ಹಿಡಿಯೋಣ: ಬೋಧನಾ ಶುಲ್ಕ 35 ಸಾವಿರ, ರಿಯಾಯಿತಿ ವರ್ಷಕ್ಕೆ 20 ಸಾವಿರ. ಬಾಕಿ 15 ಸಾವಿರ, ನಾಲ್ಕು ವರ್ಷಕ್ಕೆ 60 ಸಾವಿರ ಎಂದು ಅಪ್ಪ ಅಂದುಕೊಳ್ಳುತ್ತಾನೆ. ರಿಯಾಯಿತಿ ನಿಂತಲ್ಲೇ ನಿಂತಿರುತ್ತದೆ, ಫೀಸು ನಿಲ್ಲುವುದಿಲ್ಲ. ವರ್ಷಕ್ಕೆ ಶೇ 4 ಏರಿದರೂ ನಾಲ್ಕನೇ ವರ್ಷ ಕಟ್ಟಬೇಕಾದದ್ದು 19 ಸಾವಿರ ದಾಟುತ್ತದೆ, ಒಟ್ಟು 68,600ರ ಆಸುಪಾಸು. ಹಾಸ್ಟೆಲ್, ಊಟ, ಪುಸ್ತಕ, ರಜೆಗೆ ಮನೆಗೆ ಬರುವ ವಿಮಾನದ ಟಿಕೆಟ್ಟು ಇದರ ಮೇಲೆ. ರಿಯಾಯಿತಿ ಡಾಲರ್ ಲೆಕ್ಕದಲ್ಲೋ ಶೇಕಡಾ ಲೆಕ್ಕದಲ್ಲೋ, ಎಂಟು ಸೆಮಿಸ್ಟರಿಗೋ ಐದನೇ ವರ್ಷಕ್ಕೂ ಉಂಟೋ, ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು, ಒಂದು ಸೆಮಿಸ್ಟರ್ ಜಾರಿದರೆ ಸರಿಪಡಿಸಿಕೊಳ್ಳಲು ಅವಕಾಶವಿದೆಯೇ ಎಂದು ಕೇಳದೆ ಬಿಡಬಾರದು. ಮೊದಲ ವರ್ಷದ ಭೌತಶಾಸ್ತ್ರ, ಕ್ಯಾಲ್ಕುಲಸ್ ತರಗತಿಗಳಲ್ಲಿ 3.0 ಉಳಿಸಿಕೊಳ್ಳುವುದು ಹೈಸ್ಕೂಲಿನಲ್ಲಿ 4.0 ತೆಗೆದಷ್ಟು ಹಗುರವಲ್ಲ. ಹೊರಗಿನ ಸಂಘಸಂಸ್ಥೆಗಳಿಂದ ಬಂದ ಸ್ಕಾಲರ್‌ಶಿಪ್ಪಿನಷ್ಟನ್ನು ಕಾಲೇಜು ತನ್ನ ನೆರವಿನಲ್ಲಿ ಕಡಿತ ಮಾಡುವುದೂ ಇದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಮೊದಲು ಕಡಿವಾಣ ಹಾಕಿದ ರಾಜ್ಯ ಮೇರಿಲ್ಯಾಂಡ್, 2017ರಲ್ಲಿ.

ಯಾವ ಕಾಲೇಜು ಎಷ್ಟು ಉದಾರಿ ಎಂದು ತಿಳಿಯಲು ಗಾಳಿಮಾತು ಬೇಕಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಹೊರತರುತ್ತವೆ. ಅದರ ಎಚ್2ಎ ಭಾಗದಲ್ಲಿ, ಹಣದ ಅಗತ್ಯವಿಲ್ಲದಿದ್ದರೂ ನೆರವು ಪಡೆದವರೆಷ್ಟು, ಸರಾಸರಿ ಮೊತ್ತವೆಷ್ಟು ಎಂದಿರುತ್ತದೆ. ರಾಜ್ಯದವರು, ಹೊರಗಿನವರು ಎಂದು ಅದು ಬಿಡಿಸಿ ಹೇಳುವುದಿಲ್ಲ, ಆದರೂ ಕೊಡುವ ಕೈಯೋ ಅಲ್ಲವೋ ಗೊತ್ತಾಗಿಬಿಡುತ್ತದೆ. ಇದನ್ನು ನೋಡಬೇಕಾದದ್ದು ಅರ್ಜಿ ಹಾಕುವ ಮೊದಲು. ಎಷ್ಟೋ ಕಡೆ ವಿದ್ಯಾರ್ಥಿವೇತನದ ಗಡುವು ಪ್ರವೇಶದ ಗಡುವಿಗಿಂತ ಮೊದಲೇ, ನವೆಂಬರ್ ಅಥವಾ ಡಿಸೆಂಬರಿನಲ್ಲೇ ಮುಗಿದಿರುತ್ತದೆ.

ಈ ಏರ್ಪಾಟು ನ್ಯಾಯವಾದದ್ದೇ ಎಂದು ಕೇಳಿದರೆ, ಅಲ್ಲ. ತೆರಿಗೆಯಲ್ಲಿ ಬೆಳೆದ ವಿಶ್ವವಿದ್ಯಾಲಯ ತನ್ನ ರಾಜ್ಯದ ಬಡ ಹುಡುಗಿಗೆ ಸಾಲ ತೋರಿಸಿ, ಕೋಚಿಂಗಿಗೆ ಸಾವಿರಾರು ಸುರಿದ ಹೊರಗಿನ ಮನೆಯವರಿಗೆ ರಿಯಾಯಿತಿ ಕೊಡುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಅದಕ್ಕೆ ತಂದೆತಾಯಿ ಹೊಣೆಯಲ್ಲ. ಆದರೆ ತಮಗೆ ಸಿಕ್ಕಿದ್ದನ್ನು ಮಗನ ಪ್ರತಿಭೆಯೊಂದರ ಫಲ ಎಂದು ಅವರು ನಂಬುವುದು ಬೇಡ.

ಸೀಟು ಖಚಿತಪಡಿಸಿ ಠೇವಣಿ ಕಟ್ಟಲು ಸಾಮಾನ್ಯವಾಗಿ ಮೇ 1 ಕೊನೆಯ ದಿನ. ಅದಕ್ಕೆ ಮೊದಲು ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು, ನಾಲ್ಕು ವರ್ಷದ ನಿವ್ವಳ ಖರ್ಚನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ನಿಮ್ಮದೇ ರಾಜ್ಯದ ವಿಶ್ವವಿದ್ಯಾಲಯದ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಎಷ್ಟೋ ಮನೆಗಳಲ್ಲಿ ಕೊನೆಗೆ ಅಗ್ಗವಾಗಿ ಕಾಣುವುದು ಅದೇ.