ದೇಶವೇ ಹಾಡಿದ ಗೀತೆಗೆ ಬೀಳಗಿಯ ಕಂಠ

ಬಾಗಲಕೋಟೆ: ಇಳಕಲ್ಲಿಗೆ ಸೀರೆ, ಬಾದಾಮಿಗೆ ಗುಹಾಲಯಗಳು ಕೀರ್ತಿ ತಂದಿವೆ. ಇದೇ ಜಿಲ್ಲೆಯ ಬೀಳಗಿಯ ಕಂಠವೊಂದು ಸ್ವಾತಂತ್ರ್ಯಪೂರ್ವದಲ್ಲಿ ದೇಶವನ್ನೇ ಬಡಿದೆಬ್ಬಿಸಿತ್ತು ಎಂಬುದು ಅನೇಕರಿಗೆ ತಿಳಿಯದು. ಅದು ಅಮೀರಬಾಯಿ ಕರ್ನಾಟಕಿ ಅವರ ಕಂಠ.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯು ಗ್ಯಾನ್ ಮುಖರ್ಜಿ ನಿರ್ದೇಶನದ ‘ಕಿಸ್ಮತ್’ ಚಿತ್ರವನ್ನು ತೆರೆಗೆ ತಂದಿತು. ಕವಿ ಪ್ರದೀಪ್ ರಚಿಸಿ, ಅನಿಲ್ ಬಿಸ್ವಾಸ್ ಸಂಗೀತ ನೀಡಿದ ‘ದೂರ್ ಹಟೋ’ ಗೀತೆಯನ್ನು ಅಮೀರಬಾಯಿ ಹಾಗೂ ಖಾನ್ ಮಸ್ತಾನಾ ವೃಂದದೊಂದಿಗೆ ಹಾಡಿದರು. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ನಾಯಕರು ಸೆರೆಮನೆಯಲ್ಲಿದ್ದ ದಿನಗಳವು.

ಹಾಗಿದ್ದರೂ ಬ್ರಿಟಿಷರ ಸೆನ್ಸಾರ್ ಈ ಗೀತೆಯನ್ನು ಬಿಟ್ಟಿದ್ದೇಕೆ? ಗೀತೆಯು ಹೆಸರಿಸಿದ್ದು ಮಹಾಯುದ್ಧದಲ್ಲಿ ಬ್ರಿಟನ್ನಿನ ವೈರಿಗಳಾಗಿದ್ದ ಜರ್ಮನಿ ಮತ್ತು ಜಪಾನನ್ನು. ಪ್ರೇಕ್ಷಕರು ಮಾತ್ರ ‘ದೂರ ಹೋಗಬೇಕಾದವರು’ ಯಾರೆಂಬುದನ್ನು ತಕ್ಷಣವೇ ಗ್ರಹಿಸಿದರು. ಒಳಾರ್ಥ ಬಯಲಾದಾಗ ಬಂಧನದ ಭೀತಿಯಿಂದ ಪ್ರದೀಪ್ ಭೂಗತರಾಗಬೇಕಾಯಿತು. ಚಿತ್ರವು ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ 3 ವರ್ಷಕ್ಕೂ ಹೆಚ್ಚು ಕಾಲ ಪ್ರದರ್ಶನಗೊಂಡಿತು.

1940ರ ದಶಕದ ಕೊನೆಯಲ್ಲಿ ಲತಾ ಮಂಗೇಶ್ಕರ್ ಯುಗ ಆರಂಭವಾಯಿತು. ಭಾರವಾದ, ತುಂಬು ಕಂಠದ ಗಾಯಕಿಯರಿಗೆ ಬೇಡಿಕೆ ಕುಗ್ಗಿತು. ಅಮೀರಬಾಯಿ ಪೋಷಕ ಪಾತ್ರಗಳತ್ತ ಹೊರಳಿ, 1965ರಲ್ಲಿ ನಿಧನರಾದರು.

ಕನ್ನಡದಲ್ಲಿ ಅವರ ಬದುಕನ್ನು ರಹಮತ್ ತರೀಕೆರೆ ಗ್ರಂಥರೂಪದಲ್ಲಿ ದಾಖಲಿಸಿದ್ದಾರೆ. ಆಗಸ್ಟ್ ಬಂದಾಗಲೆಲ್ಲ ದೇಶಭಕ್ತಿ ಗೀತೆಗಳ ನಡುವೆ ಆ ಹಾಡು ಮರುಕಳಿಸುತ್ತದೆ. ಮುಂಬಯಿಯ ಚಿತ್ರರಂಗದಲ್ಲೂ ‘ಕರ್ನಾಟಕಿ’ ಎಂದೇ ಗುರುತಿಸಿಕೊಂಡ ಗಾಯಕಿಯ ಹೆಸರು ತವರು ಜಿಲ್ಲೆಯಲ್ಲೇ ಅಪರಿಚಿತವಾಗಬಾರದು.