ಮೊದಲ ಬಾರಿಗೆ ‘ಗಂಧದ ಗುಡಿ’ ನೋಡುವವರಿಗೆ

ಅಪಾಯ, ಬೆನ್ನಟ್ಟುವಿಕೆ ಮತ್ತು ಹೊಡೆದಾಟಗಳ ಮೂಲಕ ಕಥೆ ಸಾಗಿದರೂ ಅದರ ತಿರುಳು ಮನೆಮಂದಿಯ ಬಾಂಧವ್ಯವೇ ಆಗಿದ್ದು, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಒಟ್ಟಿಗೆ ಕುಳಿತು ನೋಡಬಹುದಾದ ಚಿತ್ರವನ್ನು ಕೌಟುಂಬಿಕ ಸಾಹಸಚಿತ್ರ ಎನ್ನಬಹುದು. ಕನ್ನಡದಲ್ಲಿ ಈ ಬಗೆಯ ಚಿತ್ರಗಳ ಸಾಲಿನಲ್ಲಿ 1973ರಲ್ಲಿ ತೆರೆಕಂಡ, ವಿಜಯ್ ನಿರ್ದೇಶನದ ‘ಗಂಧದ ಗುಡಿ’ಗೆ ಎತ್ತರದ ಸ್ಥಾನವಿದೆ. ಪುನೀತ್ ರಾಜ್‌ಕುಮಾರ್ ಅವರು ಕರ್ನಾಟಕದ ಕಾಡು-ಕಡಲುಗಳಲ್ಲಿ ಸಂಚರಿಸಿದ ಅದೇ ಹೆಸರಿನ ಸಾಕ್ಷ್ಯಚಿತ್ರವನ್ನು ಅವರು ತೀರಿಕೊಂಡ ಮರುವರ್ಷ, 2022ರಲ್ಲಿ, ಚಿತ್ರಮಂದಿರದಲ್ಲಿ ಕಂಡ ಎಳೆಯರಲ್ಲಿ ಅನೇಕರು, ಹಳೆಯ ಚಿತ್ರವನ್ನು ಇನ್ನೂ ನೋಡಿರಲಾರರು. ಅಂಥವರು, ಅದರಲ್ಲಿಯೂ ಕಪ್ಪತಗುಡ್ಡದ ಮಡಿಲಿನ ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯವರು, ಚಿತ್ರದ ಹಿನ್ನೆಲೆಯನ್ನು ಅರಿತು ನೋಡಿದರೆ ಅದು ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ.

ರಾಜ್‌ಕುಮಾರ್ ಅವರ ನೂರೈವತ್ತನೆಯ ಚಿತ್ರವಾದ ಇದರಲ್ಲಿ ಅವರದು ಅರಣ್ಯಾಧಿಕಾರಿಯ ಪಾತ್ರ. ಗಂಧದ ಮರಗಳನ್ನು ಕದ್ದು ಸಾಗಿಸುವವರನ್ನೂ ಪ್ರಾಣಿಗಳನ್ನು ಬೇಟೆಯಾಡುವವರನ್ನೂ ಆ ಅಧಿಕಾರಿ ಎದುರಿಸುತ್ತಾನೆ. ಎಳವೆಯಲ್ಲಿಯೇ ಅಗಲಿದ ಸೋದರನಾಗಿ ವಿಷ್ಣುವರ್ಧನ್ ಅವನಿಗೆ ಎದುರಾಗುತ್ತಾರೆ. ಈ ಇಬ್ಬರು ನಟರು ಜೊತೆಯಾಗಿ ಅಭಿನಯಿಸಿದ ಏಕೈಕ ಚಿತ್ರವೂ ಇದೇ ಆಗಿದೆ. ಕಲ್ಪನಾ ನಾಯಕಿಯಾಗಿದ್ದು, ಬಾಲಕೃಷ್ಣ ಮತ್ತು ನರಸಿಂಹರಾಜು ಅವರೂ ತಾರಾಗಣದಲ್ಲಿದ್ದಾರೆ. ಮೈಸೂರಿನ ಕುಸ್ತಿಪಟುವಾಗಿದ್ದು ನಟರಾದ ಎಂ. ಪಿ. ಶಂಕರ್ ಅವರು ಚಿತ್ರವನ್ನು ನಿರ್ಮಿಸಿದ್ದಲ್ಲದೆ ಅದರಲ್ಲಿ ಅಭಿನಯಿಸಿಯೂ ಇದ್ದಾರೆ. ರಾಜನ್-ನಾಗೇಂದ್ರ ಅವರ ಸಂಗೀತದಲ್ಲಿ ಕನ್ನಡ ನಾಡು-ನುಡಿಯನ್ನು ಕೊಂಡಾಡುವ ಹಾಡು ಇಂದಿಗೂ ರಾಜ್ಯೋತ್ಸವದ ವೇದಿಕೆಗಳಲ್ಲಿ ಮೊಳಗುತ್ತದೆ. ರಾಜ್‌ಕುಮಾರ್ ಅವರನ್ನು ಗಾಯಕರಾಗಿಯೂ ಬಲ್ಲ ಇಂದಿನ ಕೇಳುಗರು ಒಂದನ್ನು ಗಮನಿಸಬೇಕು: ಅವರ ಚಿತ್ರಗಳಿಗೆ ಆ ಕಾಲದಲ್ಲಿ ಹಾಡುತ್ತಿದ್ದವರು ಪಿ. ಬಿ. ಶ್ರೀನಿವಾಸ್, ಈ ಹಾಡಿನ ಧ್ವನಿಯೂ ಅವರದೇ.

ಚಿತ್ರ ಹುಟ್ಟಿದ ಕಾಲವನ್ನು ನೆನೆಯದೆ ಅದರ ಬೆಲೆ ತಿಳಿಯದು. ಬೇಟೆಗೆ ಕಡಿವಾಣ ಹಾಕಿದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಹುಲಿಗಳನ್ನೂ ಅವುಗಳ ನೆಲೆಯನ್ನೂ ಉಳಿಸುವ ‘ಹುಲಿ ಯೋಜನೆ’ ಬಂಡೀಪುರವೂ ಸೇರಿ ಒಂಬತ್ತು ಕಾಡುಗಳಲ್ಲಿ ಆರಂಭವಾದದ್ದು 1973ರ ಏಪ್ರಿಲ್‌ನಲ್ಲಿ. ಮೈಸೂರು ರಾಜ್ಯ ‘ಕರ್ನಾಟಕ’ವೆಂಬ ಹೆಸರು ಪಡೆದದ್ದು ಅದೇ ವರ್ಷದ ನವೆಂಬರ್ 1ರಂದು. ಕಾಡಾನೆಗಳ ಹಿಂಡನ್ನು ಸುತ್ತುಗಟ್ಟಿ ಗೂಟದ ಬೇಲಿಯೊಳಗೆ ಅಟ್ಟಿ ಹಿಡಿಯುವ ‘ಖೆಡ್ಡಾ’ ಕಾಕನಕೋಟೆಯಲ್ಲಿ ಕೊನೆಯ ಬಾರಿಗೆ ನಡೆದು ಆಗಿನ್ನೂ ಎರಡೇ ವರ್ಷಗಳಾಗಿದ್ದವು. ಕಾಡುಪ್ರಾಣಿಯನ್ನು ಹಿಡಿಯುವುದೇ ಶೌರ್ಯವೆನಿಸಿಕೊಂಡಿದ್ದ ನಾಡಿನಲ್ಲಿ, ಅದನ್ನು ಕಾಯುವುದೇ ನಿಜವಾದ ಶೌರ್ಯವೆಂದು ಜನಪ್ರಿಯ ನಾಯಕನ ಬಾಯಲ್ಲಿ ಹೇಳಿಸಿದ್ದು ಈ ಚಿತ್ರದ ದೊಡ್ಡ ಸಾಧನೆ. ನಿಧಿಗಾಗಿಯೋ ಸಿಂಹಾಸನಕ್ಕಾಗಿಯೋ ಹೋರಾಡುವ ನಾಯಕರನ್ನು ಕಂಡಿದ್ದ ಪ್ರೇಕ್ಷಕರಿಗೆ, ಎಲ್ಲರಿಗೂ ಸೇರಿದ ಕಾಡಿಗಾಗಿ ಪ್ರಾಣ ಒತ್ತೆಯಿಡುವ ಸರ್ಕಾರಿ ನೌಕರನೊಬ್ಬ ಇಲ್ಲಿ ನಾಯಕನಾಗಿ ದೊರೆತನು.

ತೆರೆಯ ಮೇಲಿನ ಅಪಾಯ ಕಲ್ಪಿತವಾಗಿರಲಿಲ್ಲವೆಂಬುದನ್ನು ಮುಂದಿನ ಇತಿಹಾಸವೇ ತೋರಿಸಿತು. ಗಂಧದ ಮರ ಮತ್ತು ಆನೆದಂತಗಳ ಕಳ್ಳಸಾಗಣೆಗೆ ಹೆಸರಾಗಿದ್ದ ವೀರಪ್ಪನ್ 2000ದ ಜುಲೈ 30ರಂದು ಗಾಜನೂರಿನಿಂದ ಅಪಹರಿಸಿ, 108 ದಿನಗಳ ಕಾಲ ಕಾಡಿನಲ್ಲಿ ಒತ್ತೆಯಿಟ್ಟುಕೊಂಡದ್ದು ಇದೇ ರಾಜ್‌ಕುಮಾರ್ ಅವರನ್ನು. ಆ ಘಟನೆಯನ್ನು ತಿಳಿದವರಿಗೆ ಚಿತ್ರದ ಹೊಡೆದಾಟದ ದೃಶ್ಯಗಳು ಬರಿಯ ಮನರಂಜನೆಯಾಗಿ ಉಳಿಯಲಾರವು.

ಹಾಗೆಂದು ಚಿತ್ರಕ್ಕೆ ಮಿತಿಗಳಿಲ್ಲವೆಂದಲ್ಲ. ಕಾಡನ್ನು ಉಳಿಸುವ ಹೊಣೆಯನ್ನೆಲ್ಲ ಒಬ್ಬ ಅಧಿಕಾರಿಯ ತೋಳ್ಬಲದ ಮೇಲೆ ಹೊರಿಸುವುದು ಅಂದಿನ ಜನಪ್ರಿಯ ಕಥನದ ರೀತಿಯಾಗಿತ್ತು. ಈ ಕೊರತೆಯನ್ನು ತುಂಬುವ ಪಾಠ ಗದಗ ಜಿಲ್ಲೆಯಲ್ಲಿಯೇ ಇದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳ ಕಣಜವೂ, ತೋಳ, ಕತ್ತೆಕಿರುಬ, ಚಿರತೆಗಳ ನೆಲೆಯೂ ಆಗಿದೆ. ಅದರ ಒಡಲಿನಲ್ಲಿ ಚಿನ್ನ ಮತ್ತು ಕಬ್ಬಿಣದ ಅದಿರೂ ಇರುವುದರಿಂದ ಗಣಿಗಾರಿಕೆಯ ಕಣ್ಣು ಅದರ ಮೇಲೆ ಬಹುಕಾಲದಿಂದ ಬಿದ್ದಿದೆ. 2015ರಲ್ಲಿ ಸರ್ಕಾರ ಗುಡ್ಡವನ್ನು ‘ಸಂರಕ್ಷಿತ ಮೀಸಲು’, ಎಂದರೆ ಸ್ಥಳೀಯರ ಸಹಭಾಗಿತ್ವದಲ್ಲಿ ಕಾಯಬೇಕಾದ ಪ್ರದೇಶ, ಎಂದು ಘೋಷಿಸಿ ಮರುವರ್ಷವೇ ಆ ಆದೇಶವನ್ನು ಹಿಂತೆಗೆದುಕೊಂಡಾಗ, ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ರೈತರು, ಪರಿಸರ ಕಾರ್ಯಕರ್ತರು ಮತ್ತು ಸಾಮಾನ್ಯ ಜನರು ಚಳವಳಿಗಿಳಿದರು. 2017ರಲ್ಲಿ ಮೀಸಲು ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವು ಇನ್ನೂ ಬಿಗಿಯಾದ ಕಾನೂನು ರಕ್ಷಣೆಯುಳ್ಳ ವನ್ಯಜೀವಿಧಾಮವಾಯಿತು. ಚಿತ್ರದಲ್ಲಿ ಒಬ್ಬ ನಾಯಕ ಮಾಡಿದ ಕೆಲಸವನ್ನು ಇಲ್ಲಿ ಊರೂರಿನ ಜನರು ಕೂಡಿ ಮಾಡಿದರು.

ಆದ್ದರಿಂದ ಮನೆಯಲ್ಲಿ ಮಕ್ಕಳಿಗೆ ‘ಗಂಧದ ಗುಡಿ’ಯನ್ನು ಮೊದಲ ಬಾರಿಗೆ ತೋರಿಸುವ ಹಿರಿಯರು, ಅದನ್ನು ಹಳೆಯ ಚಿತ್ರವೆಂದಷ್ಟೇ ಪರಿಚಯಿಸದೆ ಕಪ್ಪತಗುಡ್ಡದ ಹೋರಾಟದ ಕಥೆಯನ್ನೂ ಅದರ ಜೊತೆಗೇ ಹೇಳಬೇಕು, ಸಾಧ್ಯವಾದರೆ ಗುಡ್ಡವನ್ನೂ, ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೂ ತೋರಿಸಬೇಕು. ಕಾಡನ್ನು ಕಾಯುವ ಸಾಹಸ ತೆರೆಯ ಮೇಲಿನ ನಾಯಕನೊಬ್ಬನದಲ್ಲ, ಅದು ತಮ್ಮ ಪಾಲಿನ ಕೆಲಸವೂ ಹೌದೆಂದು ಮಕ್ಕಳಿಗೆ ಮನವರಿಕೆಯಾದರೆ, ಚಿತ್ರವನ್ನು ನೋಡಿದ್ದೂ ತೋರಿಸಿದ್ದೂ ಸಾರ್ಥಕ.