ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುನ್ನ ಡಿಸ್ಕ್ ಅಳಿಸಿ

ಮುಳಬಾಗಿಲು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆವನಿಯ ಝೆರಾಕ್ಸ್ ಅಂಗಡಿಯಾಗಲಿ, ಮನೆಯಾಗಲಿ, ಹಳೇ ಕಂಪ್ಯೂಟರ್ ಮಾರೋದಿದ್ದರೆ ಎಚ್ಚರ. ಗಿರಾಕಿಗಳ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್‌ಗಳು ಡಿಲೀಟ್ ಮಾಡಿದರೂ ಡಿಸ್ಕ್‌ನಲ್ಲಿ ಉಳಿದಿರಬಹುದು. ಹಾರ್ಡ್ ಡಿಸ್ಕ್‌ನಲ್ಲಿ ಡಿಲೀಟ್ ಆಗೋದು ಫೈಲಿನ ವಿಳಾಸ ಮಾತ್ರ. ರಿಕವರಿ ಸಾಫ್ಟ್‌ವೇರ್‌ನಿಂದ ಮತ್ತೆ ತೆಗೆಯಬಹುದು. ಕ್ವಿಕ್ ಫಾರ್ಮ್ಯಾಟ್‌ನದೂ ಅದೇ ಕಥೆ.

ಏನು ಮಾಡಬೇಕು?

ಬೇಕಾದ್ದನ್ನು ಮೊದಲು ಕಾಪಿ ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ‘ಚೇಂಜ್ ಸೆಟ್ಟಿಂಗ್ಸ್’ನಲ್ಲಿ ‘ಕ್ಲೀನ್ ಡೇಟಾ’ ಆನ್ ಮಾಡಿ. ಡಿ ಡ್ರೈವ್ ಇದ್ದರೆ ಅದನ್ನೂ ಅಳಿಸಿ. ಗಂಟೆಗಟ್ಟಲೆ ಹಿಡಿಯುತ್ತೆ, ಕರೆಂಟ್ ಹೋಗದ ಹೊತ್ತು ನೋಡಿಕೊಳ್ಳಿ.

ಕಂಪ್ಯೂಟರ್ ಆನ್ ಆಗದಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದು ಕೊಡಿ. ಆ ಡಿಸ್ಕೂ ಬೇಡವಾದರೆ ಒಳಗಿನ ತಟ್ಟೆಗೆ ಡ್ರಿಲ್‌ನಿಂದ ನಾಲ್ಕೈದು ತೂತು ಹಾಕಿಸಿ. ಎಸ್‌ಎಸ್‌ಡಿ ಆದರೆ ಚಿಪ್‌ಗಳನ್ನೇ ಪುಡಿ ಮಾಡಬೇಕು. ಸುಡಬೇಡಿ, ಹೊಗೆ ವಿಷ.